ವಿಟ್ ಬಿಸೆಲ್‌ಗೆ ವರ್ಷವಿಡೀ ಕೆಲಸ ಇತ್ತು. ಇಂದಿನ ಪೋಷಕ ನಟರಿಗೆ ಯಾಕಿಲ್ಲ?

1956ರ 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್' ಸಿನಿಮಾದ ಕೊನೆಯ ಒಂದೆರಡು ನಿಮಿಷ ನೋಡಿ. ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯ ಕೂಗಾಡಿ ಸುಸ್ತಾಗಿ ನಿಂತಿದ್ದಾನೆ. ಬೇರೆ ಲೋಕದಿಂದ ಬಂದ ದೊಡ್ಡ ದೊಡ್ಡ ಬೀಜದ ಕಾಯಿಗಳು ತನ್ನೂರಿನ ಜನರನ್ನು ಅಳಿಸಿ, ಅವರದೇ ನಕಲುಗಳನ್ನು ಹುಟ್ಟಿಸುತ್ತಿವೆ ಅನ್ನುವುದು ಅವನ ಮಾತು. ಕೇಳಿದ ಇಬ್ಬರು ಡಾಕ್ಟರುಗಳೂ ನಂಬಿಲ್ಲ. ಅಷ್ಟರಲ್ಲಿ ಅಪಘಾತಕ್ಕೆ ಸಿಕ್ಕ ಲಾರಿ ಡ್ರೈವರ್ ಒಬ್ಬನನ್ನು ಸ್ಟ್ರೆಚರ್ ಮೇಲೆ ತರುತ್ತಾರೆ. ಎಂದೂ ಕಂಡಿರದ ಕಾಯಿಗಳ ರಾಶಿಯ ಅಡಿಯಿಂದ ಅವನನ್ನು ಹೊರಗೆಳೆದರಂತೆ. ಲಾರಿ ಬಂದಿದ್ದು ಎಲ್ಲಿಂದ? ಸಾಂಟಾ ಮೀರಾದಿಂದ. ಅದು ಆ ಮನುಷ್ಯನ ಊರು. ಆಗ ಒಬ್ಬ ಡಾಕ್ಟರ ಮುಖ ಬದಲಾಗುತ್ತದೆ. ಅಲ್ಲಿವರೆಗೆ ರೋಗಿಯನ್ನು ಸಮಾಧಾನ ಮಾಡುವ ಮುಖ ಅದು. ಈಗ ಭಯಪಟ್ಟ ಮುಖ. ಮರುಕ್ಷಣ ಅವರು ರಸ್ತೆಗಳನ್ನೆಲ್ಲ ಮುಚ್ಚಿಸಲು, ಎಫ್‌ಬಿಐಗೆ ಫೋನ್ ಮಾಡಲು ಓಡುತ್ತಾರೆ.

ನಿರ್ದೇಶಕ ಡಾನ್ ಸೀಗಲ್‌ಗೆ ಈ ಆಸ್ಪತ್ರೆಯ ದೃಶ್ಯ ಬೇಕಿರಲಿಲ್ಲ. ಕಥೆ ತೀರಾ ಕತ್ತಲಾಯಿತು ಅಂತ ಸ್ಟುಡಿಯೊದವರು ಸೇರಿಸಿದ್ದು. ಆದರೂ ಅದು ನಿಂತಿದೆ, ಆ ಡಾಕ್ಟರ ಮುಖದಿಂದಾಗಿ ನಿಂತಿದೆ. ನಾವು ನಂಬುವುದು ಅವರು ನಂಬಿದ ಮೇಲೆ. ಸಿನಿಮಾದ ಹೆಸರುಪಟ್ಟಿಯಲ್ಲಿ ಮಾತ್ರ ಆ ನಟನ ಹೆಸರಿಲ್ಲ. ಅವರೇ ವಿಟ್ ಬಿಸೆಲ್.

ಹಳೆಯ ಅಮೆರಿಕನ್ ಸಿನಿಮಾ ನೋಡುವ ಚಟ ಇರುವವರಿಗೆಲ್ಲ ಈ ಮುಖ ಗೊತ್ತು. ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅವರ ಬದುಕನ್ನು ನಾನಿಲ್ಲಿ ಹೇಳುತ್ತಿರುವುದು ಬರೀ ಹಳೆಯ ನೆನಪಿಗಾಗಿ ಅಲ್ಲ. ಹಾಲಿವುಡ್ ನಟರ ಸಂಘ 2023ರಲ್ಲಿ 118 ದಿನ ಮುಷ್ಕರ ಹೂಡಿತಲ್ಲ, ಆ ಜಗಳದ ಬೇರು ಬಿಸೆಲ್ ಅವರಂಥ ನಟರ ದುಡಿಮೆಯಲ್ಲಿದೆ. ಆಗ ಆದ ಒಪ್ಪಂದದ ಅವಧಿ 2026ರ ಜೂನ್ 30ರವರೆಗೆ ಅಂತ ಗೊತ್ತುಮಾಡಿದ್ದರು. ಅಂದರೆ ಇದು ಮುಗಿದ ಕಥೆ ಅಲ್ಲ. ಇಂಥ ಒಬ್ಬ ನಟ 40 ವರ್ಷ ಹೊಟ್ಟೆಪಾಡು ನಡೆಸಿದ್ದು ಹೇಗೆ ಅಂತ ತಿಳಿದರೆ, ಈಗಿನವರಿಗೆ ಅದು ಯಾಕೆ ಆಗುತ್ತಿಲ್ಲ ಅನ್ನುವುದೂ ತಿಳಿಯುತ್ತದೆ.

ಬಿಸೆಲ್ ಹುಟ್ಟಿದ್ದು 1909ರ ಅಕ್ಟೋಬರ್ 25ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ಹೆಸರಾಂತ ಶಸ್ತ್ರಚಿಕಿತ್ಸಕ. ಮಗ ಮುಂದೆ ತೆರೆಯ ಮೇಲೆ ಲೆಕ್ಕವಿಲ್ಲದಷ್ಟು ಸಲ ಡಾಕ್ಟರ ಕೋಟು ಹಾಕಿದರು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ನಾಟಕ ತಂಡ 'ಕೆರೊಲಿನಾ ಪ್ಲೇಮೇಕರ್ಸ್' ಜೊತೆ ಕಲಿತರು. ರಂಗಭೂಮಿಯಲ್ಲಿ ಪಳಗಿ, 1940ರ ದಶಕದಲ್ಲಿ ಸಿನಿಮಾಕ್ಕೆ ಬಂದರು.

ಮೊದಮೊದಲು ಸಿಕ್ಕಿದ್ದೆಲ್ಲ ಮೆತ್ತನೆಯ, ಹೆದರಿದ ಮನುಷ್ಯರ ಪಾತ್ರ. 1947ರ 'ಬ್ರೂಟ್ ಫೋರ್ಸ್'ನಲ್ಲಿ ಅವರು ಟಾಮ್ ಲಿಸ್ಟರ್ ಅನ್ನುವ ಕೈದಿ. ಹೆಂಡತಿಗೆ ತುಪ್ಪಳದ ಕೋಟು ಕೊಡಿಸಲು ಆಫೀಸಿನ ಲೆಕ್ಕ ತಿದ್ದಿ ಜೈಲು ಸೇರಿದವನು. ಜೈಲಿನ ಕ್ರೂರ ಅಧಿಕಾರಿ ಅವನ ಮನಸ್ಸನ್ನು ಹಿಂಡುತ್ತಾ ಹೋಗುತ್ತಾನೆ, ಕೊನೆಗೆ ಅವನು ನೇಣು ಹಾಕಿಕೊಳ್ಳುತ್ತಾನೆ. ಬರ್ಟ್ ಲ್ಯಾಂಕಾಸ್ಟರ್ ನಾಯಕನಾಗಿರುವ ಆ ಸಿನಿಮಾದಲ್ಲಿ ಲಿಸ್ಟರ್‌ಗೆ ಸಿಗುವುದು ಕೆಲವೇ ನಿಮಿಷ. ಆದರೆ ಆ ಸಾವು ಆಗದಿದ್ದರೆ ಅಧಿಕಾರಿಯ ಮೇಲೆ ನಮಗೆ ಅಷ್ಟು ಸಿಟ್ಟೇ ಬರುವುದಿಲ್ಲ. ಸಣ್ಣ ಪಾತ್ರದ ನಟ ಮಾಡುವ ಕೆಲಸ ಇದೇ. ಕಥೆಯ ಭಾರ ಹೊತ್ತು, ನಾಯಕನಿಗೆ ದಾರಿ ಬಿಟ್ಟು, ಪಕ್ಕಕ್ಕೆ ಸರಿಯುವುದು.

ಆಮೇಲಿನ ಪಟ್ಟಿ ಉದ್ದ ಇದೆ. 1954ರ 'ಕ್ರಿಯೇಚರ್ ಫ್ರಮ್ ದ ಬ್ಲ್ಯಾಕ್ ಲಗೂನ್'ನಲ್ಲಿ ಗಾಯಗೊಂಡೂ ಬದುಕುಳಿಯುವ ವಿಜ್ಞಾನಿ. 1957ರ 'ಐ ವಾಸ್ ಎ ಟೀನೇಜ್ ವೇರ್‌ವುಲ್ಫ್'ನಲ್ಲಿ ಹುಡುಗನನ್ನು ಸಂಮೋಹನದಿಂದ ತೋಳ ಮಾಡುವ ಡಾಕ್ಟರ್. ಆ ಹುಡುಗನ ಪಾತ್ರ ಮಾಡಿದವರು ಆಗಿನ್ನೂ ಯಾರಿಗೂ ಪರಿಚಯ ಇರದ ಮೈಕಲ್ ಲ್ಯಾಂಡನ್. ಅದೇ ವರ್ಷ ಫ್ರಾಂಕೆನ್‌ಸ್ಟೈನ್ ವಂಶದ ಪ್ರೊಫೆಸರ್ ಆದರು, 'ಗನ್‌ಫೈಟ್ ಅಟ್ ದ ಓ.ಕೆ. ಕರಾಲ್'ನಲ್ಲೂ ಕಾಣಿಸಿಕೊಂಡರು. 1963ರ 'ಹಡ್'ನಲ್ಲಿ ದನಗಳ ಹಿಂಡಿಗೆ ಕಾಲುಬಾಯಿ ರೋಗ ತಗುಲಿದೆ ಅಂತ ಹೇಳಬೇಕಾದ ಸರ್ಕಾರಿ ಪಶುವೈದ್ಯ. 1973ರ 'ಸಾಯ್ಲೆಂಟ್ ಗ್ರೀನ್'ನಲ್ಲಿ ಗವರ್ನರ್.

ಒಂದು ದೃಶ್ಯವನ್ನಂತೂ ಬಿಡುವ ಹಾಗಿಲ್ಲ. 1960ರ 'ದ ಮ್ಯಾಗ್ನಿಫಿಸೆಂಟ್ ಸೆವೆನ್'. ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಗೆ ಸ್ಫೂರ್ತಿ ಕೊಟ್ಟ ಸಿನಿಮಾಗಳಲ್ಲಿ ಇದೂ ಒಂದು. ಊರಿನ ಬೀದಿಯಲ್ಲಿ ಒಬ್ಬ ಮುದುಕ ಸತ್ತು ಬಿದ್ದಿದ್ದಾನೆ. ದಾರಿಹೋಕ ಸೇಲ್ಸ್‌ಮನ್‌ಗಳು ಅಂತ್ಯಕ್ರಿಯೆಗೆ ದುಡ್ಡು ಕೊಡಲು ಸಿದ್ಧ. ಆದರೆ ಶವಸಂಸ್ಕಾರ ಮಾಡಿಸುವ ಚಾಮ್ಲಿ ಆಗಲ್ಲ ಅನ್ನುತ್ತಾನೆ. ಸತ್ತವನು ಮೂಲನಿವಾಸಿ ಇಂಡಿಯನ್, ಅವನನ್ನು ಊರಿನ ಸ್ಮಶಾನದಲ್ಲಿ ಹೂಳಲು ಕೆಲವರು ಬಿಡುವುದಿಲ್ಲ. ಆ ಚಾಮ್ಲಿಯೇ ಬಿಸೆಲ್. ಕೆಟ್ಟವನಲ್ಲ, ಧೈರ್ಯವೂ ಇಲ್ಲ. ತನ್ನ ಊರಿನ ಸಣ್ಣತನವನ್ನು ಹೊರಗಿನವರಿಗೆ ಹೇಳುವಾಗ ಅವನ ದನಿಯಲ್ಲಿರುವ ಮುಜುಗರ ಕೇಳಿ. ಆ ಮುಜುಗರ ಮೂಡಿದ ಮೇಲೆಯೇ ಯೂಲ್ ಬ್ರೈನರ್ ಮತ್ತು ಸ್ಟೀವ್ ಮೆಕ್ವೀನ್ ಶವದ ಗಾಡಿ ಹತ್ತಿ ಹೊರಡುತ್ತಾರೆ. ಅವರಿಬ್ಬರ ಹೀರೋತನಕ್ಕೆ ಅಳತೆಗೋಲು ಚಾಮ್ಲಿಯ ಪುಕ್ಕಲುತನವೇ.

ಸಿನಿಮಾ, ಟಿವಿ ಎರಡೂ ಸೇರಿಸಿದರೆ ಬಿಸೆಲ್ ಕಾಣಿಸಿಕೊಂಡಿದ್ದು ಮುನ್ನೂರರ ಆಸುಪಾಸು ಕಡೆ ಅಂತ ಹೇಳುತ್ತಾರೆ. ಪ್ರತಿಭೆ ಇತ್ತು, ಸರಿ. ಆದರೆ ಪ್ರತಿಭೆಯೊಂದರಿಂದ ಮುನ್ನೂರು ಪಾತ್ರ ಸಿಗುವುದಿಲ್ಲ. ಅಷ್ಟು ಪಾತ್ರ ಹುಟ್ಟಿಸುವ ಉದ್ಯಮವೂ ಬೇಕು.

1950ರ ದಶಕದಲ್ಲಿ ಅಂಥ ಉದ್ಯಮ ಲಾಸ್ ಏಂಜಲಿಸ್‌ನಲ್ಲಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟುಡಿಯೊಗಳಿಂದ ಚಿತ್ರಮಂದಿರಗಳನ್ನು ಬೇರ್ಪಡಿಸುವ ತೀರ್ಪು ಕೊಟ್ಟಿತು. ಟಿವಿ ಬಂದು ಪ್ರೇಕ್ಷಕರೂ ಕಡಿಮೆಯಾದರು. ಸ್ಟುಡಿಯೊಗಳು ತಿಂಗಳ ಸಂಬಳದ ನಟರನ್ನು ಕೈಬಿಡುತ್ತಾ ಬಂದವು. ಸಣ್ಣ ಪಾತ್ರಗಳ ನಟರಿಗೆ ಇದು ಹೊಡೆತ ಆಗಬೇಕಿತ್ತು. ಉಳಿಸಿದ್ದು ಅದೇ ಟಿವಿ.

'ಪೆರಿ ಮೇಸನ್' ಸೀರಿಯಲ್‌ನ ಮೊದಲ ಸೀಸನ್ 1957ರಲ್ಲಿ ಶುರುವಾಯಿತು. ಒಟ್ಟು 39 ಎಪಿಸೋಡ್. ವಾರಕ್ಕೊಂದು ಹೊಸ ಕೊಲೆ. ಹೊಸ ಕೊಲೆ ಅಂದರೆ ಹೊಸ ಆರೋಪಿ, ಹೊಸ ಸಾಕ್ಷಿ, ಹೊಸ ಜಡ್ಜು, ಬ್ಯಾಂಕ್ ಮ್ಯಾನೇಜರು, ಅಕ್ಕಪಕ್ಕದ ಮನೆಯವರು. ಒಂದು ಎಪಿಸೋಡಿಗೆ ಎಂಟು ಅತಿಥಿ ಪಾತ್ರ ಅಂತ ಇಟ್ಟುಕೊಂಡರೂ ಸೀಸನ್ನಿಗೆ 312 ಪಾತ್ರ ಆಯಿತು. ಅದೂ ಒಂದೇ ಸೀರಿಯಲ್‌ನಲ್ಲಿ. 'ಗನ್‌ಸ್ಮೋಕ್' 20 ಸೀಸನ್ ನಡೆದು 635 ಎಪಿಸೋಡ್ ಕಂಡಿತು. ಇಂಥ ಹತ್ತಾರು ಸೀರಿಯಲ್‌ಗಳ ಚಿತ್ರೀಕರಣ ಒಂದೇ ಊರಿನಲ್ಲಿ, ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ಈ ವಾರ ಷೆರಿಫ್, ಮುಂದಿನ ವಾರ ಡಾಕ್ಟರ್. ನಡುವೆ ಒಂದು ವಾರ ಸಿಕ್ಕರೆ ಕಡಿಮೆ ಖರ್ಚಿನ ಭಯಾನಕ ಸಿನಿಮಾ. ಆ ತೋಳದ ಹುಡುಗನ ಸಿನಿಮಾ ಮುಗಿದದ್ದು ಸುಮಾರು ಒಂದು ವಾರದ ಶೂಟಿಂಗ್‌ನಲ್ಲಿ.

ಬಿಸೆಲ್‌ಗೆ ಒಂದು ಕಾಯಂ ಪಾತ್ರವೂ ಸಿಕ್ಕಿತು. 1966ರಲ್ಲಿ ಎಬಿಸಿ ಚಾನೆಲ್‌ನಲ್ಲಿ ಬಂದ 'ದ ಟೈಮ್ ಟನಲ್'ನ ಜನರಲ್ ಹೇವುಡ್ ಕರ್ಕ್. ಒಂದೇ ಸೀಸನ್ನಿಗೆ ಅದು ನಿಂತಿತು. ಆದರೆ ಆ ಒಂದು ಸೀಸನ್ನಿನಲ್ಲೇ 30 ಎಪಿಸೋಡ್ ಇದ್ದವು. ಇಂದು ಸ್ಟ್ರೀಮಿಂಗ್‌ನಲ್ಲಿ ಯಶಸ್ವಿ ಅನ್ನಿಸಿಕೊಂಡ ಎಷ್ಟೋ ಸರಣಿಗಳು ಮೂರು ಸೀಸನ್ ಸೇರಿಸಿದರೂ ಅಷ್ಟಾಗುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಕಾಲ ಎಲ್ಲರಿಗೂ ಚೆನ್ನಾಗಿರಲಿಲ್ಲ. 1954ರ 'ದ ಕೇನ್ ಮ್ಯೂಟಿನಿ'ಯಲ್ಲಿ ಬಿಸೆಲ್ ನೌಕಾಪಡೆಯ ಮನೋವೈದ್ಯ. ಅದೇ ಸಿನಿಮಾದಲ್ಲಿ ಕಪ್ಪು ನಟ ಜೇಮ್ಸ್ ಎಡ್ವರ್ಡ್ಸ್ ಹಡಗಿನ ಊಟದ ಮನೆಯ ಸೇವಕ. ಎಡ್ವರ್ಡ್ಸ್ ಅದಕ್ಕೆ ಐದು ವರ್ಷ ಮೊದಲೇ 'ಹೋಮ್ ಆಫ್ ದ ಬ್ರೇವ್'ನಲ್ಲಿ ಮುಖ್ಯ ಪಾತ್ರ ಮಾಡಿ ತಮ್ಮ ಶಕ್ತಿ ತೋರಿಸಿದ್ದರು. ಡಾಕ್ಟರ್, ಜನರಲ್, ಸೆನೆಟರ್, ಗವರ್ನರ್ ಪಾತ್ರಗಳು ಬಿಳಿಯ ಗಂಡಸಿಗೆ ತಾನಾಗಿಯೇ ಹೋಗುತ್ತಿದ್ದವು. ಬಿಸೆಲ್ ಅವರ ಮುನ್ನೂರರ ಲೆಕ್ಕದಲ್ಲಿ ಈ ಅನ್ಯಾಯದ ಪಾಲೂ ಇದೆ. ಇದನ್ನು ಮರೆತು ಆ ಕಾಲವನ್ನು ಹೊಗಳುವುದು ಸರಿಯಲ್ಲ.

ಇನ್ನು ದುಡ್ಡಿನ ವಿಷಯ. ಒಂದು ದಿನ ನಟಿಸಿದ್ದಕ್ಕೆ ಒಂದು ದಿನದ ಕೂಲಿ ಸಿಗುತ್ತದೆ. ಆದರೆ ಆ ದೃಶ್ಯವನ್ನು ಐವತ್ತು ವರ್ಷ ಮತ್ತೆ ಮತ್ತೆ ತೋರಿಸಿ ಬೇರೆಯವರು ದುಡ್ಡು ಮಾಡಿದರೆ? ಮರುಪ್ರದರ್ಶನಕ್ಕೆ ನಟರಿಗೆ ಸಿಗುವ ಪಾಲನ್ನು ಅಲ್ಲಿ ರೆಸಿಡ್ಯುಯಲ್ ಅನ್ನುತ್ತಾರೆ. ಹಾಲಿವುಡ್ ನಟರ ಹೋರಾಟದ ಅರ್ಧ ಚರಿತ್ರೆ ಈ ಪಾಲಿನದು.

1933ರಲ್ಲಿ ಹಾಲಿವುಡ್ ನಟರ ಸಂಘ 'ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್' ಹುಟ್ಟಿದ್ದೇ ಹೆಚ್ಚಾಗಿ ಪೋಷಕ ನಟರಿಂದ. ಮೊದಲ ಅಧ್ಯಕ್ಷ ರಾಲ್ಫ್ ಮಾರ್ಗನ್, ಜೊತೆಗೆ ಅಲನ್ ಮೌಬ್ರೇ, ಬೋರಿಸ್ ಕಾರ್ಲಾಫ್ ಮುಂತಾದವರು. ಬಿಸೆಲ್ ಕೂಡ ಇದೇ ಸಾಲಿನವರು. ಗಿಲ್ಡ್‌ನ ಆಡಳಿತ ಮಂಡಳಿಯಲ್ಲಿ 18 ವರ್ಷ ಕೂತರು. ಆಸ್ಕರ್ ಕೊಡುವ ಅಕಾಡೆಮಿಯ ಗವರ್ನರ್‌ಗಳ ಮಂಡಳಿಯಲ್ಲೂ ನಟರ ಪ್ರತಿನಿಧಿಯಾಗಿದ್ದರು. ದೊಡ್ಡ ತಾರೆಗೆ ತನ್ನ ಸಂಭಾವನೆಯನ್ನು ತಾನೇ ಕುದುರಿಸಿಕೊಳ್ಳುವ ಬಲ ಇರುತ್ತದೆ. ಎರಡು ದಿನದ ಕೆಲಸಕ್ಕೆ ಬರುವ ನಟನಿಗೆ ಸಂಘ ಬಿಟ್ಟರೆ ಬೇರೆ ಬಲ ಇಲ್ಲ.

1960ರ ಮಾರ್ಚ್ 7ರಂದು ಗಿಲ್ಡ್ ಮುಷ್ಕರ ಹೂಡಿತು. ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್, ಮುಂದೆ ದೇಶದ ಅಧ್ಯಕ್ಷರಾದವರೇ. ಲೇಖಕರ ಸಂಘವೂ ಅದೇ ಹೊತ್ತಿಗೆ ಮುಷ್ಕರದಲ್ಲಿತ್ತು. ಎರಡು ಸಂಘಗಳೂ ಒಟ್ಟಿಗೆ ಕೆಲಸ ನಿಲ್ಲಿಸಿದ್ದು ಮತ್ತೆ 2023ರಲ್ಲೇ. ಏಪ್ರಿಲ್ 18ಕ್ಕೆ ರಾಜಿ ಆಯಿತು. 1960ರಿಂದ ಮುಂದೆ ತೆಗೆಯುವ ಸಿನಿಮಾಗಳನ್ನು ಟಿವಿಗೆ ಮಾರಿದರೆ ನಟರಿಗೆ ಪಾಲು ಉಂಟು. ಅದಕ್ಕಿಂತ ಹಿಂದಿನವಕ್ಕೆ ಇಲ್ಲ. ಹಿಂದಿನದ್ದನ್ನು ಬಿಟ್ಟುಕೊಟ್ಟಿದ್ದಕ್ಕೆ ನಿರ್ಮಾಪಕರು 22.5 ಲಕ್ಷ ಡಾಲರ್ ಇಡಿಗಂಟು ಕೊಟ್ಟರು. ನಟರ ಪಿಂಚಣಿ ಮತ್ತು ಆರೋಗ್ಯ ವಿಮೆಯ ನಿಧಿಗೆ ಅದೇ ಬುನಾದಿ.

ಈ ಗೆರೆಯನ್ನು ಬಿಸೆಲ್ ಅವರ ಪಟ್ಟಿಯ ಮೇಲೆ ಎಳೆದು ನೋಡಿ. 'ಬ್ರೂಟ್ ಫೋರ್ಸ್', 'ಬ್ಲ್ಯಾಕ್ ಲಗೂನ್', 'ಬಾಡಿ ಸ್ನ್ಯಾಚರ್ಸ್', ತೋಳದ ಸಿನಿಮಾ, 'ಗನ್‌ಫೈಟ್', ಎಲ್ಲವೂ ಗೆರೆಯ ಆಚೆ. ದಶಕಗಟ್ಟಲೆ ನಡುರಾತ್ರಿಯ ಟಿವಿಯಲ್ಲಿ ಓಡಿದ, ಅಭಿಮಾನಿಗಳು ಇಂದಿಗೂ ಬಿಡದೆ ನೋಡುವ ಸಿನಿಮಾಗಳಿವು. ಅವರು ಹೆಚ್ಚು ನೆನಪಿರುವುದೂ ಇವುಗಳಿಂದಲೇ. ರೇಗನ್ ಹಳೆಯ ಸಿನಿಮಾಗಳನ್ನು ಕೈಬಿಟ್ಟರು ಅಂತ ಹಲವು ಹಿರಿಯ ನಟರು ಕೊನೆಯವರೆಗೂ ಕೊರಗಿದರು. ಆ ಕೊರಗು ನ್ಯಾಯವಾದದ್ದೇ. ಆದರೂ ವಿಮೆ, ಪಿಂಚಣಿ ಬಂದದ್ದು ಆ ಸಲವೇ, ಮುಂದಿನ ಪೀಳಿಗೆಗೆ ಅದು ಆಸರೆ ಆಯಿತು. ನನ್ನ ಮಟ್ಟಿಗೆ ಅದು ನೋವಿನ, ಆದರೆ ಕೆಲಸಕ್ಕೆ ಬಂದ ರಾಜಿ.

ಟಿವಿಯಲ್ಲೂ ಇದೇ ಪಾಡು. 1950ರ ದಶಕದಿಂದ ಮರುಪ್ರಸಾರಕ್ಕೆ ಅಲ್ಪಸ್ವಲ್ಪ ಹಣ ಸಿಗುತ್ತಿತ್ತು, ಅದೂ ಇಂತಿಷ್ಟು ಸಲಕ್ಕೆ ಮಾತ್ರ. ತೋರಿಸುವಷ್ಟು ಕಾಲವೂ ಪಾಲು ಕೊಡಬೇಕು ಅನ್ನುವ ನಿಯಮ ಬಂದಿದ್ದು 1974ರ ಒಪ್ಪಂದದಲ್ಲಿ. 1967ರ ಡಿಸೆಂಬರ್ 29ರಂದು ಪ್ರಸಾರವಾದ 'ಸ್ಟಾರ್ ಟ್ರೆಕ್'ನ ಟ್ರಿಬಲ್ ಎಪಿಸೋಡಿನಲ್ಲಿ ಬಿಸೆಲ್ ಬಾಹ್ಯಾಕಾಶ ನಿಲ್ದಾಣದ ಮ್ಯಾನೇಜರ್ ಲ್ಯೂರಿ. ಟ್ರಿಬಲ್ ಅನ್ನುವ, ತುಪ್ಪಳದ ಉಂಡೆಗಳಂಥ ಪುಟ್ಟ ಪ್ರಾಣಿಗಳು ಒಂದೇ ಸಮನೆ ಮರಿ ಹಾಕುತ್ತಾ ನಿಲ್ದಾಣ ತುಂಬುವ ಕಥೆ. ಅಮೆರಿಕದ ಟಿವಿಯಲ್ಲಿ ಅತಿ ಜಾಸ್ತಿ ಮೆಚ್ಚುಗೆ ಪಡೆದ ಎಪಿಸೋಡುಗಳಲ್ಲಿ ಒಂದು. ಆ ಸರಣಿಯ ಮರುಪ್ರಸಾರ ವರ್ಷಾನುಗಟ್ಟಲೆ ನಡೆಯಿತು. ನಟರ ಪಾಲು ಮೊದಲ ಕೆಲವು ಸಲಕ್ಕೇ ನಿಂತುಹೋಯಿತು.

ಇಷ್ಟೆಲ್ಲ ಕಳೆದುಕೊಂಡರೂ ಬಿಸೆಲ್‌ಗೆ ಕೆಲಸದ ದಿನಗಳಿದ್ದವು. ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂತು. ಅವರು ತೀರಿಕೊಂಡಿದ್ದು 1996ರ ಮಾರ್ಚ್ 5ರಂದು, 86ನೇ ವಯಸ್ಸಿನಲ್ಲಿ, ವುಡ್‌ಲ್ಯಾಂಡ್ ಹಿಲ್ಸ್‌ನ ಚಿತ್ರರಂಗದವರ ವಿಶ್ರಾಂತಿ ಧಾಮದಲ್ಲಿ. ಮೇರಿ ಪಿಕ್‌ಫೋರ್ಡ್, ಚಾಪ್ಲಿನ್ ಮುಂತಾದವರು 1921ರಲ್ಲಿ ಶುರುಮಾಡಿದ ಪರಿಹಾರ ನಿಧಿಯಿಂದ ಬೆಳೆದ ಜಾಗ ಅದು. ಹೀಗೆ ಮುಪ್ಪಿನಲ್ಲಿ ಅವರಿಗೆ ನೆರವಾದದ್ದೂ ಚಿತ್ರರಂಗದವರು ಕೂಡಿ ಕಟ್ಟಿಕೊಂಡ ವ್ಯವಸ್ಥೆಯೇ.

ಈಗ 2023ಕ್ಕೆ ಬನ್ನಿ. ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ಆ ವರ್ಷ ನಟನೆಯಿಂದ 26,470 ಡಾಲರ್ ದುಡಿದಿರಬೇಕಿತ್ತು. ಒಂದು ದಿನದ ಕನಿಷ್ಠ ಕೂಲಿ ಆಗ 1,082 ಡಾಲರ್. ಭಾಗಿಸಿದರೆ ವರ್ಷಕ್ಕೆ ಸುಮಾರು 25 ದಿನದ ಕೆಲಸ. ಕೇಳಲು ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಸಂಘದ ಸುಮಾರು 1,60,000 ಸದಸ್ಯರಲ್ಲಿ ಆ ಮಟ್ಟ ಮುಟ್ಟುವವರು ಏಳೆಂಟು ಜನಕ್ಕೆ ಒಬ್ಬರು ಅಂತ ಸಂಘವೇ ಹೇಳಿತು.

ಕಾರಣ ಒಂದಲ್ಲ. ಸೀಸನ್ 39 ಎಪಿಸೋಡಿನಿಂದ ಎಂಟು-ಹತ್ತಕ್ಕೆ ಇಳಿದಿದೆ. ಕಥೆಯ ರೀತಿಯೂ ಬದಲಾಗಿದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ವಾರಕ್ಕೊಂದು ಕಥೆ ಇದ್ದಾಗ ವಾರಕ್ಕೊಬ್ಬ ಡಾಕ್ಟರ್ ಬೇಕಿತ್ತು. ಇಡೀ ಸೀಸನ್ ಒಂದೇ ಕಥೆ ಆದಾಗ ಅದೇ ಹತ್ತು ಹನ್ನೆರಡು ಜನ ಕೊನೆಯವರೆಗೂ ಇರುತ್ತಾರೆ. ಹೊರಗಿನವರಿಗೆ ಬಾಗಿಲು ಚಿಕ್ಕದು. ಚಿತ್ರೀಕರಣ ಜಾರ್ಜಿಯಾ, ಕೆನಡಾ, ಬ್ರಿಟನ್ ಅಂತ ತೆರಿಗೆ ರಿಯಾಯಿತಿ ಸಿಗುವ ಕಡೆಗೆ ಹೋಗಿದೆ. ಸಣ್ಣ ಪಾತ್ರಕ್ಕೆ ವಿಮಾನದ ಟಿಕೆಟ್ ಯಾರೂ ಕೊಡುವುದಿಲ್ಲ, ಅಲ್ಲಿನವರನ್ನೇ ತೆಗೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಅನುಭವಿಗೂ ಈಗ ಹಲವು ಸಲ ಸಿಗುವುದು ಕನಿಷ್ಠ ಕೂಲಿಯೇ.

ಇದರ ಮೇಲೆ ಸ್ಟ್ರೀಮಿಂಗ್. ಟಿವಿಯಲ್ಲಿ ಮರುಪ್ರಸಾರ ಅಂದರೆ ಎಣಿಸಬಹುದಿತ್ತು. ಮೊಬೈಲಿನಲ್ಲಿ ಯಾವಾಗ ಬೇಕಾದರೂ ನೋಡುವ ಸರಣಿಗೆ ಮರುಪ್ರಸಾರ ಅಂತ ಒಂದಿಲ್ಲ. ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಕಂಪನಿಯ ಕೈಯಲ್ಲೇ ಇರುತ್ತದೆ. ಹಾಗಾಗಿ ಪಾಲು ನೋಡುಗರ ಸಂಖ್ಯೆಗೆ ತಕ್ಕಂತೆ ಬೆಳೆಯುವುದಿಲ್ಲ. ಮುಷ್ಕರದ ದಿನಗಳಲ್ಲಿ ನಟರು ಕೆಲವೇ ಸೆಂಟ್‌ಗಳ ಚೆಕ್ಕುಗಳನ್ನು ಫೋಟೊ ತೆಗೆದು ಹಾಕಿದರು. ಒಪ್ಪಂದದಲ್ಲಿ ಇದಕ್ಕೊಂದು ಸಣ್ಣ ದಾರಿ ಸಿಕ್ಕಿತು. ಮೊದಲ 90 ದಿನದಲ್ಲಿ ದೇಶದೊಳಗಿನ ಚಂದಾದಾರರ ಶೇ 20ರಷ್ಟು ವೀಕ್ಷಣೆ ಮುಟ್ಟಿದ ಸರಣಿಗೆ ಬೋನಸ್, ಅದರಲ್ಲಿ ಶೇ 75 ಆ ಸರಣಿಯ ನಟರಿಗೆ, ಉಳಿದದ್ದು ಉಳಿದ ನಟರಿಗಾಗಿ ಒಂದು ನಿಧಿಗೆ. ಗೆದ್ದವರಿಗೆ ಮಾತ್ರ ಸಿಗುವ ಹಣ ಇದು. ಸಾಧಾರಣವಾಗಿ ಓಡುವ ಸರಣಿಗಳಲ್ಲಿ ಜೀವನ ಮಾಡುವವರನ್ನು ಇದು ತಲುಪುವುದು ಕಷ್ಟ.

ನಮ್ಮ ಕಡೆ ಏನು ಕಥೆ ಅಂತ ಕೇಳಬಹುದು. 2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯ್ದೆ, ನಟನೆಯನ್ನು ವಾಣಿಜ್ಯಕ್ಕೆ ಬಳಸಿದರೆ ಕಲಾವಿದರಿಗೆ ರಾಯಲ್ಟಿ ಇದೆ ಅನ್ನುತ್ತದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ. ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ಹೆಸರುಪಟ್ಟಿಯಲ್ಲಿ ಇಲ್ಲದ ವ್ಯಕ್ತಿಯನ್ನು ಈ ಹಕ್ಕಿನ ಮಟ್ಟಿಗೆ ಕಲಾವಿದ ಅಂತ ಪರಿಗಣಿಸುವುದಿಲ್ಲ. ಹೆಸರುಪಟ್ಟಿಯಲ್ಲಿ ಹೆಸರು ಬರುವುದು ಬರೀ ಗೌರವದ ಮಾತಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಕನ್ನಡದ ಪೋಷಕ ನಟರೂ ಸಹನಟರೂ ಕೇಳಲೇಬೇಕಾದ ಹಕ್ಕು ಇದು.

ಕೊನೆಯದಾಗಿ ಕಂಪ್ಯೂಟರಿನ ಮುಖಗಳು. ಬಿಸೆಲ್ ತೀರಿಕೊಂಡ ಅದೇ ವರ್ಷದ ನವೆಂಬರ್‌ನಲ್ಲಿ 'ಸ್ಟಾರ್ ಟ್ರೆಕ್'ನ ಹೊಸ ಸರಣಿಯೊಂದು ಟ್ರಿಬಲ್ ಎಪಿಸೋಡಿನ ಹಳೆಯ ದೃಶ್ಯಗಳ ಒಳಗೆ ತನ್ನ ನಟರನ್ನು ಕೂಡಿಸಿ ಹೊಸ ಕಥೆ ಹೇಳಿತು. ಆಗ ಅದು ಪ್ರೀತಿಯಿಂದ ಮಾಡಿದ ಸ್ಮರಣೆ, ಬಹಳ ಶ್ರಮದ ಕೆಲಸ. ಈಗ ಒಂದು ದಿನ ನಟನನ್ನು ಸ್ಕ್ಯಾನ್ ಮಾಡಿಟ್ಟುಕೊಂಡರೆ ಸಾಕು, ಅವನಿಲ್ಲದೆಯೇ ಅವನನ್ನು ನಟಿಸುವಂತೆ ಮಾಡಬಹುದು. 2023ರ ಒಪ್ಪಂದ ಇದಕ್ಕೆ ಒಪ್ಪಿಗೆ ಬೇಕು ಅಂದಿತು, ಸ್ಕ್ಯಾನ್ ಮಾಡುವುದಿದ್ದರೆ 48 ಗಂಟೆ ಮೊದಲೇ ಹೇಳಬೇಕು ಅಂದಿತು. ನಟ ತಾನೇ ಬಂದಿದ್ದರೆ ಎಷ್ಟು ದಿನ ಬೇಕಾಗುತ್ತಿತ್ತೋ ಅಷ್ಟು ದಿನದ ಕೂಲಿ ಕೊಡಬೇಕು ಅಂತಲೂ ಅಂದಿತು. ಆದರೆ ಎಷ್ಟು ದಿನ ಆಗುತ್ತಿತ್ತು ಅಂತ ಅಂದಾಜು ಮಾಡುವವರು ನಿರ್ಮಾಪಕರೇ.

ಯಾವ ನಟನನ್ನೂ ಆಧರಿಸದ, ಪೂರ್ತಿ ಕೃತಕ ಪಾತ್ರಧಾರಿಗೆ 2023ರ ಒಪ್ಪಂದದಲ್ಲಿ ನಿಷೇಧ ಇರಲಿಲ್ಲ. ನಿರ್ಮಾಪಕರು ಸಂಘಕ್ಕೆ ತಿಳಿಸಿ, ಚೌಕಾಸಿಗೆ ಅವಕಾಶ ಕೊಡಬೇಕಿತ್ತು, ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ಟಿಲ್ಲಿ ನಾರ್ವುಡ್ ಅನ್ನುವ ಕೃತಕ 'ನಟಿ'ಯ ಸುದ್ದಿ ಬಂದಾಗ ಸಂಘ ಗಟ್ಟಿಯಾಗಿಯೇ ವಿರೋಧಿಸಿತು. ಚರ್ಚೆ ಎಲ್ಲ ಆ ನಾಯಕಿಯ ಮುಖದ ಸುತ್ತ ನಡೆಯಿತು. ನನಗೆ ಭಯ ಇರುವುದು ಬೇರೆ ಕಡೆ. ತಾರೆಯ ಜಾಗಕ್ಕೆ ಯಂತ್ರದ ಮುಖ ತಂದರೆ ಜನ ಗುರುತಿಸುತ್ತಾರೆ, ಗಲಾಟೆ ಮಾಡುತ್ತಾರೆ. ಮೂರು ಮಾತಿನ ಡಾಕ್ಟರ ಜಾಗಕ್ಕೆ ತಂದರೆ ಯಾರೂ ಗಮನಿಸುವುದಿಲ್ಲ. ಖರ್ಚು ಉಳಿಸುವವರು ಮೊದಲು ಕೈ ಹಾಕುವುದು ಅಲ್ಲಿಗೇ. ಹಾಗಾಗಿ ಮುಂದಿನ ಒಪ್ಪಂದಗಳಲ್ಲಿ ನಾನು ಮೊದಲು ಹುಡುಕುವುದು ಎರಡೇ ವಿಷಯ. ಮಾತಿರುವ ಸಣ್ಣ ಪಾತ್ರಗಳಿಗೆ ಮನುಷ್ಯರನ್ನೇ ಹಾಕಬೇಕು ಅನ್ನುವ ಷರತ್ತು ಇದೆಯೇ? ಸ್ಕ್ಯಾನ್ ಮಾಡಿದ ಮುಖದ ಕೆಲಸವೂ ಆ 25 ದಿನದ ಲೆಕ್ಕಕ್ಕೆ ಪೂರ್ತಿಯಾಗಿ ಸೇರುತ್ತದೆಯೇ?